ಹುಳು ಸಾಯಬೇಕು, ಡಿಎನ್‌ಎ ಉಳಿಯಬೇಕು

ಧನಿಯಾ ಡಬ್ಬಿಯ ಮುಚ್ಚಳ ತೆಗೆದಾಗ ಕಾಳಿನ ನಡುವೆ ತೆವಳುವ ಕೆಂಗಂದು ಬಣ್ಣದ ಪುಟ್ಟ ಹುಳುವನ್ನು ನೋಡದ ಅಡುಗೆಮನೆ ಶಿವಮೊಗ್ಗದಲ್ಲಿ ಇರಲಾರದು. ಉದ್ದ 2ರಿಂದ 3 ಮಿಲಿಮೀಟರ್. ತಲೆ ಕೆಳಕ್ಕೆ ಬಾಗಿರುತ್ತದೆ, ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತಂತೆ ಬಿದ್ದುಕೊಳ್ಳುತ್ತದೆ. ಅರಿಶಿನದ ಕೊಂಬು, ಒಣಮೆಣಸಿನಕಾಯಿ, ಒಣಶುಂಠಿ, ಬೀಡಿ ತಂಬಾಕು ಯಾವುದೂ ಅದಕ್ಕೆ ವರ್ಜ್ಯವಲ್ಲ. ತಂಬಾಕಿನ ಉಗ್ರಾಣಗಳಲ್ಲಿ ಮಾಡಿದ ಹಾವಳಿಯಿಂದ ಸಿಗರೇಟ್ ಬೀಟಲ್ ಎಂಬ ಹೆಸರು ಬಂತು. ಶಾಸ್ತ್ರೀಯವಾಗಿ ಲಾಸಿಯೋಡರ್ಮಾ ಸೆರಿಕಾರ್ನೆ. ಸಸ್ಯಶಾಸ್ತ್ರ ವಿಭಾಗದ ಬೀರುವಿನಲ್ಲಿ ಹರ್ಬೇರಿಯಂ ಹಾಳೆಗಳನ್ನು ಪುಡಿ ಮಾಡುವುದೂ ಇದೇ ಹುಳು. ಒಣಗಿಸಿ ಹಾಳೆಗೆ ಅಂಟಿಸಿದ ಗಿಡವೂ ಅದರ ಪಾಲಿಗೆ ಒಂದು ಮಸಾಲೆ ಸಾಮಾನು, ಅಷ್ಟೆ.

ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ, ಭದ್ರಾವತಿಯ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದುವವರಿಗೆ, ಆಯುರ್ವೇದ ಕಾಲೇಜಿನ ದ್ರವ್ಯಗುಣ ವಿಭಾಗದವರಿಗೆ, ತೋಟದ ಬದಿಯ ಕಾಡುಗಿಡಗಳನ್ನು ಹವ್ಯಾಸಕ್ಕೆಂದು ಒಣಗಿಸಿಡುವವರಿಗೆ ಈ ಹುಳುವಿನ ಕಾಟ ಹೊಸದಲ್ಲ. ಅದಕ್ಕೆ ಹಿಂದಿನಿಂದ ಬಂದ ಮದ್ದುಗಳೂ ಗೊತ್ತು. ಡಾಂಬರ್ ಗುಳಿಗೆ ಹಾಕುವುದು, ಗಿಡವನ್ನು ಪಾದರಸದ ಲವಣ ಕರಗಿಸಿದ ಸ್ಪಿರಿಟ್‌ನಲ್ಲಿ ಅದ್ದುವುದು, ಹೆಚ್ಚಾದರೆ ಕೋಣೆಗೆ ಹೊಗೆಮದ್ದು ಕೊಡುವುದು. ಹಾಳೆಯ ಮೇಲೆ ಗಿಡದ ಆಕಾರ ಉಳಿದರೆ ಸಾಕು ಎನ್ನುವ ಕಾಲಕ್ಕೆ ಇವೆಲ್ಲ ಹೊಂದುತ್ತಿದ್ದವು. ಈಗ ಅದೇ ಹಾಳೆಯಿಂದ ಉಗುರಿನಷ್ಟು ಎಲೆ ತೆಗೆದು ಡಿಎನ್‌ಎ ಓದುತ್ತಾರೆ. ಹುಳುವಿಗೆ ಹಾಕಿದ ವಿಷ ಡಿಎನ್‌ಎಗೂ ತಗಲಿದರೆ ಗಿಡ ನೋಡಲು ಚೆನ್ನಾಗಿಯೇ ಇರುತ್ತದೆ, ಓದಲು ಮಾತ್ರ ಬರುವುದಿಲ್ಲ. ಆದ್ದರಿಂದ ಹುಳು ನಿಯಂತ್ರಣದ ಲೆಕ್ಕವನ್ನೇ ಹೊಸದಾಗಿ ಹಾಕಬೇಕಾಗಿದೆ. ಒಣಗಿಸುವುದು, ತಣ್ಣಗಾಗಿಸುವುದು, ಆಗಾಗ ಕಣ್ಣಾಡಿಸುವುದು, ಈ ಮೂರು ಮಾಡುವ ಕೆಲಸವನ್ನು ಯಾವ ಬಾಟಲಿಯೂ ಮಾಡುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಹಳೆಯ ಹಾಳೆಗೆ ಅಷ್ಟು ಬೆಲೆ ಏಕೆ ಎಂದು ಕೇಳುವವರಿಗೆ ನಮ್ಮ ಜೋಗದ ಹುಲ್ಲೇ ಉತ್ತರ. 1919ರಲ್ಲಿ ಸೆಡ್ಜ್‌ವಿಕ್ ಮತ್ತು ಬೆಲ್ ಎಂಬ ಇಬ್ಬರು ಗೇರುಸೊಪ್ಪೆ ಜಲಪಾತದ, ಅಂದರೆ ಇಂದಿನ ಜೋಗದ ಬಳಿ ಒಂದು ಸಣ್ಣ ಹುಲ್ಲನ್ನು ಕಿತ್ತು ಒಣಗಿಸಿಟ್ಟರು. ಸುಮಾರು 3 ದಶಕಗಳ ನಂತರ ಹುಲ್ಲುಗಳ ತಜ್ಞ ಬೋರ್ ಆ ಒಣಮಾದರಿಯನ್ನು ನೋಡಿ, ಇದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೇ ಹೌದು ಎಂದು ಗುರುತಿಸಿ ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್ ಎಂದು ಹೆಸರಿಟ್ಟರು. ಆ ಹೊತ್ತಿಗೆ ಜೋಗದಲ್ಲಿ ಅದನ್ನು ಮತ್ತೆ ಕಂಡವರಿಲ್ಲ. ಮುಂದೆ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂತು, ಹುಲ್ಲು ಅಳಿದೇ ಹೋಯಿತೆಂದು ಎಲ್ಲರೂ ಬಗೆದರು. ಈ ಶತಮಾನದ ಆರಂಭದಲ್ಲಿ ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ ಅದು ಮತ್ತೆ ಸಿಕ್ಕಿತು. ಬೋರ್ ನೋಡುವ ಮುಂಚಿನ ಆ 30 ವರ್ಷಗಳಲ್ಲಿ ಯಾವುದೋ ಒಂದು ಬೇಸಿಗೆಯಲ್ಲಿ ಆ ಹಾಳೆಗೆ ಹುಳು ಹೊಕ್ಕಿದ್ದರೆ ಜೋಗದಲ್ಲಿ ಇಂಥದೊಂದು ಹುಲ್ಲು ಇತ್ತೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಡಿಎನ್‌ಎ ಸಂಗತಿಗೆ ಇನ್ನೂ ಹತ್ತಿರದ ಉದಾಹರಣೆ ಆಲೂಗಡ್ಡೆಯದು. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಬರಗಾಲ ತಂದ ಅಂಗಮಾರಿ ರೋಗದ ಎಲೆಗಳನ್ನು ಯಾರೋ ಒಣಗಿಸಿಟ್ಟಿದ್ದರು. ಲಂಡನ್ನಿನ ಕ್ಯೂ ಮತ್ತು ಮ್ಯೂನಿಕ್‌ನ ಹರ್ಬೇರಿಯಂಗಳಲ್ಲಿದ್ದ ಅಂಥ ಮಾದರಿಗಳಿಂದ ರೋಗಾಣುವಿನ ಡಿಎನ್‌ಎ ತೆಗೆದು, ಬರಗಾಲಕ್ಕೆ ಕಾರಣವಾದ ತಳಿ ಯಾವುದೆಂದು 2013ರಲ್ಲಿ ಸಂಶೋಧಕರು ಹೇಳಿದರು. ಆ ರೋಗಾಣುವಿನ ಕುಲ ಫೈಟಾಫ್ತೊರಾ. ನಮ್ಮ ಅಡಿಕೆಯ ಕೊಳೆರೋಗದ ಕುಲವೂ ಅದೇ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಪುಸ್ತಿಕೆ ಹೊರತಂದರು. ಇವತ್ತಿಗೂ ಮಳೆಗಾಲದ ಮುಂಚೆ ಕೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣ ಅವರ ಕಾಲದಿಂದಲೇ ಬಳಕೆಗೆ ಬಂದದ್ದು. ಈ ವರ್ಷದ ಕೊಳೆ ಬಂದ ಅಡಿಕೆಯ ಸಿಪ್ಪೆಯನ್ನು ಯಾರಾದರೂ ಸರಿಯಾಗಿ ಒಣಗಿಸಿಟ್ಟರೆ, ಮುಂದೊಂದು ದಿನ ರೋಗದ ತಳಿ ಬದಲಾಯಿತೇ ಎಂದು ಕೇಳುವವರಿಗೆ ಅದು ಆಧಾರವಾಗುತ್ತದೆ.

ಮೊದಲ ದಿನವೇ ಅರ್ಧ ಕೆಲಸ

ಹುಳುವಿನ ಮಾತಿಗೆ ಬರುವ ಮೊದಲು ಒಣಗಿಸುವ ಮಾತು. ಹರ್ಬೇರಿಯಂ ಎಲೆಯ ಡಿಎನ್‌ಎಗೆ ಆಗುವ ಹಾನಿಯಲ್ಲಿ ಬಹುಪಾಲು ಆಗುವುದು ಬೀರುವಿನೊಳಗೆ ಕಳೆಯುವ ವರ್ಷಗಳಲ್ಲಿ ಅಲ್ಲ, ಮಾದರಿ ತಯಾರಿಸುವ ಮೊದಲ ಕೆಲವು ದಿನಗಳಲ್ಲಿ ಎಂದು 2011ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ತೋರಿಸಿದರು. ಕಾರಣ ಸರಳ. ಕಿತ್ತ ಎಲೆ ನಿಧಾನವಾಗಿ ಬಾಡುವಾಗ ಜೀವಕೋಶಗಳು ಒಡೆದು, ಅವುಗಳೊಳಗಿನ ಕಿಣ್ವಗಳೇ ಡಿಎನ್‌ಎ ಎಳೆಯನ್ನು ಕತ್ತರಿಸತೊಡಗುತ್ತವೆ. ನೀರು ಇರುವಷ್ಟು ಹೊತ್ತೂ ಈ ಕೆಲಸ ನಡೆಯುತ್ತದೆ. ಬೇಗ ಒಣಗಿಸೋಣ ಎಂದು ಬಿಸಿ ಏರಿಸಿದರೆ ಬಿಸಿಯೇ ಎಳೆಯನ್ನು ಮುರಿಯುತ್ತದೆ. ಅಂದರೆ ಬೇಗ ಒಣಗಬೇಕು, ಆದರೆ 40–45 ಡಿಗ್ರಿ ಸೆಲ್ಸಿಯಸ್ ಮೀರಬಾರದು.

ಸಬ್ಮಿಷನ್‌ಗೆ ಒಂದು ವಾರ ಇರುವಾಗ ಹುಡುಗರು ಗಿಡದ ಮೇಲೆ ಪೇಪರ್ ಹಾಸಿ ಇಸ್ತ್ರಿಪೆಟ್ಟಿಗೆ ಓಡಿಸುವುದನ್ನು ಎಲ್ಲ ಮೇಷ್ಟ್ರುಗಳೂ ಬಲ್ಲರು, ಕಂಡೂ ಕಾಣದಂತಿರುತ್ತಾರೆ. ಅಂಕಕ್ಕಾದರೆ ಇರಲಿ. ಉಳಿಸಿಡುವ ಮಾದರಿಗೆ ಇಸ್ತ್ರಿ ಸಲ್ಲದು, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಜುಲೈ ತಿಂಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲೋ ಅಡಿಕೆ ಡ್ರೈಯರಿನಲ್ಲೋ ಗಿಡ ಒತ್ತುವ ಪ್ರೆಸ್ ಇಡುವವರು ಒಂದು ಥರ್ಮಾಮೀಟರನ್ನು ಜೊತೆಗಿಟ್ಟು ನೋಡಿಕೊಳ್ಳಬೇಕು. ಪ್ರೆಸ್ಸನ್ನು ಫ್ಯಾನಿನ ಗಾಳಿಗೆ ಒಡ್ಡಿ, ನಡುನಡುವೆ ರಟ್ಟು ಕೊಟ್ಟು, ಮೊದಲ ಎರಡು ದಿನ ಬೆಳಗ್ಗೆ ಸಂಜೆ ಪೇಪರ್ ಬದಲಿಸುವುದು ಎಲ್ಲಕ್ಕಿಂತ ಕ್ಷೇಮ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಲ್ಲಿಂದ ತಂದ ಗಿಡವನ್ನು ಶಿವಮೊಗ್ಗ ಮುಟ್ಟುವವರೆಗೆ ಪ್ಲಾಸ್ಟಿಕ್ ಚೀಲದಲ್ಲೇ ಬಿಟ್ಟರೆ ಆಮೇಲೆ ಎಷ್ಟು ಫ್ಯಾನ್ ಹಾಕಿದರೂ ಪ್ರಯೋಜನ ಕಡಿಮೆ.

ಇದಕ್ಕಿಂತ ಮುಖ್ಯವಾದ ಒಂದು ಕೆಲಸವಿದೆ. ಗಿಡವನ್ನು ಪ್ರೆಸ್ಸಿಗೆ ಹಾಕುವ ಮೊದಲು ಅದೇ ಗಿಡದಿಂದ ಎಳೆಯ, ರೋಗವಿಲ್ಲದ ಎಲೆಯೊಂದನ್ನು ತೆಗೆದು, ಬೆರಳಗಲದ ತುಂಡು ಮಾಡಿ, ಖಾಲಿ ಟೀ ಬ್ಯಾಗಿನಲ್ಲೋ ತೆಳು ಕಾಗದದ ಲಕೋಟೆಯಲ್ಲೋ ಇಟ್ಟು ಸಿಲಿಕಾ ಜೆಲ್‌ನಲ್ಲಿ ಹೂತುಬಿಡಿ. ಎಲೆಯ ತೂಕದ 10 ಪಾಲು ಜೆಲ್ ಬೇಕು. ಸಾಮಾನ್ಯ ಎಲೆ ಒಂದು ದಿನದಲ್ಲಿ ಮುರಿದರೆ ಪಟ್ಟೆನ್ನುವಷ್ಟು ಒಣಗುತ್ತದೆ. ದಾಸವಾಳದ ಜಾತಿಯ ಲೋಳೆ ಎಲೆಗಳು, ದಪ್ಪ ಎಲೆಗಳು ಹೆಚ್ಚು ಹೊತ್ತು ಹಿಡಿಯುತ್ತವೆ, ಅವಕ್ಕೆ ಮರುದಿನ ಜೆಲ್ ಬದಲಿಸಬೇಕು. ಅಡಿಕೆಯಂಥ ಕಾಯನ್ನು ಇಡಿಯಾಗಿ ಹಾಕಬೇಡಿ, ಸಿಪ್ಪೆಯನ್ನು ತೆಳುವಾಗಿ ಸೀಳಿ ಹಾಕಿ. ಬಣ್ಣ ಬದಲಿಸುವ ಜೆಲ್ ಕೊಳ್ಳುವಾಗ ನೀಲಿಯದಕ್ಕಿಂತ ಕಿತ್ತಳೆ ಬಣ್ಣದ್ದು ಒಳ್ಳೆಯದು, ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ. ತೇವ ಹೀರಿ ಬಣ್ಣಗೆಟ್ಟ ಕಿತ್ತಳೆ ಜೆಲ್ಲನ್ನು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಲಕೋಟೆಯ ಮೇಲೆ ಹಾಳೆಗೆ ಕೊಟ್ಟ ಸಂಗ್ರಹ ಸಂಖ್ಯೆಯನ್ನೇ ಪೆನ್ಸಿಲಿನಲ್ಲಿ ಬರೆಯಿರಿ. ಹೀಗೆ ಬೇರೆ ಡಬ್ಬಿಯಲ್ಲಿಟ್ಟ ಎಲೆ ಇದ್ದರೆ ಮುಂದೆ ಹಾಳೆಗೆ ಏನೇ ಆದರೂ ಡಿಎನ್‌ಎ ಕೈಲಿರುತ್ತದೆ, ಹಾಳೆಯಿಂದ ಎಲೆ ಕೀಳುವ ಪ್ರಮೇಯವೂ ಬರುವುದಿಲ್ಲ.

ಕಾಡಿನಲ್ಲಿ ಪ್ರೆಸ್ ಹೊತ್ತು ತಿರುಗಲಾಗದವರು ಗಿಡವನ್ನು ಪೇಪರಿನಲ್ಲಿ ಸುತ್ತಿ ಸ್ಪಿರಿಟ್ ಸುರಿದು ಚೀಲ ಕಟ್ಟುವ ಪದ್ಧತಿ ಇದೆ. ಬೂಷ್ಟು ಬರುವುದಿಲ್ಲ ನಿಜ, ಡಿಎನ್‌ಎ ಕೆಡುತ್ತದೆ. ಫಾರ್ಮಲಿನ್ ಇನ್ನೂ ಕೆಟ್ಟದ್ದು. ಬೇರೆ ದಾರಿ ಇಲ್ಲದಿದ್ದರೆ ಸ್ಪಿರಿಟ್ ಹಾಕಿ, ಆದರೆ ಅದಕ್ಕೂ ಮೊದಲು ಸಿಲಿಕಾ ಜೆಲ್ ಎಲೆ ತೆಗೆದಿರಬೇಕು.

ಬಾಟಲಿಗಳ ಕಪಾಟು

ಈಗ ಮದ್ದುಗಳ ವಿಚಾರ. ಮರ್ಕ್ಯೂರಿಕ್ ಕ್ಲೋರೈಡನ್ನು ಮದ್ಯಸಾರದಲ್ಲಿ ಕರಗಿಸಿ ಗಿಡಕ್ಕೆ ಹಚ್ಚುವುದು ನಮ್ಮ ದೇಶದ ಹರ್ಬೇರಿಯಂಗಳಲ್ಲಿ ಬಹುಕಾಲ ನಡೆದ ಕ್ರಮ. ಹುಳುವಿನ ಮಟ್ಟಿಗೆ ಅದು ಗಟ್ಟಿ ಮದ್ದು, ದಶಕಗಟ್ಟಲೆ ಕಾಯುತ್ತದೆ. ಆದರೆ ಪಾದರಸದ ಅಯಾನುಗಳು ಡಿಎನ್‌ಎಯ ಪ್ರತ್ಯಾಮ್ಲಗಳಿಗೇ ಅಂಟಿಕೊಳ್ಳುತ್ತವೆ, ಉಳಿಕೆ ಪಾದರಸ ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್‌ನ ಕಿಣ್ವವನ್ನು ತಡೆಯುತ್ತದೆ. ಇಂಥ ಹಾಳೆಯಿಂದ ಡಿಎನ್‌ಎ ಸಿಗುವುದೇ ಇಲ್ಲ ಎಂದಲ್ಲ, ಕೆಲಸ ಮಾತ್ರ ಕಷ್ಟವಾಗುತ್ತದೆ. ಮನುಷ್ಯರಿಗಂತೂ ಅದು ನೇರ ಅಪಾಯ. ಲವಣವಾಗಿದ್ದ ಪಾದರಸ ವರ್ಷಗಳು ಕಳೆದಂತೆ ಆವಿಯಾಗಿ ಮುಚ್ಚಿದ ಬೀರುವಿನಲ್ಲಿ ತುಂಬಿಕೊಳ್ಳುತ್ತದೆ. ಹಳೆಯ ಹಾಳೆಗಳಲ್ಲಿ ಗಿಡದ ಸುತ್ತ ಬೂದು ಅಥವಾ ಕಪ್ಪು ಛಾಯೆಯ ಕಲೆ ಕಂಡರೆ, ವಿಷ ಹಾಕಿದ ಮುದ್ರೆ ಇದ್ದರೆ, ಪಾದರಸ ಇದೆ ಎಂದೇ ತಿಳಿಯಿರಿ. ಬೀರು ತೆರೆದು, ಕಿಟಕಿ ತೆಗೆದು, ಫ್ಯಾನ್ ಹಾಕಿ, ಸ್ವಲ್ಪ ಹೊತ್ತು ಹೊರಗಿದ್ದು ಆಮೇಲೆ ಒಳಗೆ ಬನ್ನಿ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಆ ಹಾಳೆಗಳನ್ನು ಬಿಸಿ ಮಾಡಬೇಡಿ. ಲ್ಯಾಬಿನಲ್ಲಿ ಹಳೆಯ ದ್ರಾವಣದ ಬಾಟಲಿ ಉಳಿದಿದ್ದರೆ ಸಿಂಕಿಗೆ ಸುರಿಯಬೇಡಿ. ನಮ್ಮ ಊರುಗಳ ಚರಂಡಿ ಕಡೆಗೆ ಸೇರುವುದು ತುಂಗೆಗೋ ಭದ್ರೆಗೋ, ಎರಡೂ ಕೂಡಲಿಯಲ್ಲಿ ಒಂದಾಗುತ್ತವೆ. ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವ ಪರವಾನಗಿದಾರರಿಗೇ ಅದನ್ನು ಒಪ್ಪಿಸಬೇಕು.

ಡಾಂಬರ್ ಗುಳಿಗೆ, ಅಂದರೆ ನ್ಯಾಫ್ತಲಿನ್, ಹುಳುವನ್ನು ಕೊಲ್ಲುವುದಕ್ಕಿಂತ ದೂರ ಇಡುತ್ತದೆ. ಆಗಲೇ ಹೂವಿನೊಳಗೆ ಕೊರೆದು ಕೂತ ಮರಿಹುಳುವಿಗೆ ಅದರಿಂದ ಏನೂ ಆಗುವುದಿಲ್ಲ. ವಾಸನೆ ಬರುತ್ತಿದೆ, ಬೀರು ಸುರಕ್ಷಿತ ಎಂಬ ನೆಮ್ಮದಿ ಕೊಡುವುದೇ ಅದರ ದೊಡ್ಡ ತೊಂದರೆ. ಜೊತೆಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿದೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ರಕ್ತಕಣಗಳನ್ನು ಒಡೆಯುತ್ತದೆ. ಡೈಕ್ಲೋರ್‌ವಾಸ್ ಕೀಟನಾಶಕ ಹಚ್ಚಿದ ಪಟ್ಟಿಗಳನ್ನು ಬೀರುವಿನಲ್ಲಿ ತೂಗುಹಾಕುವ ರೂಢಿ ಅನೇಕ ಸಂಗ್ರಹಾಲಯಗಳಲ್ಲಿತ್ತು. ಅದು ತಾಗಿದ ಕೀಟಮಾದರಿಗಳಿಂದ ಡಿಎನ್‌ಎ ತೆಗೆಯುವುದು ಕಷ್ಟವಾಗುತ್ತದೆ ಎಂದು 2010ರಲ್ಲಿ ಸ್ವೀಡನ್ನಿನಿಂದ ವರದಿ ಬಂತು. ಭಾರತದಲ್ಲಿ 2020ರ ಕೊನೆಗೆ ಅದರ ಬಳಕೆಯೇ ನಿಷೇಧವಾಯಿತು. ಇನ್ನು ಹೊಗೆಮದ್ದುಗಳು. ಎಥಿಲೀನ್ ಆಕ್ಸೈಡ್, ಮೀಥೈಲ್ ಬ್ರೋಮೈಡ್ ಎರಡೂ ಡಿಎನ್‌ಎಗೆ ರಾಸಾಯನಿಕವಾಗಿ ಕೈ ಹಾಕುವ ಜಾತಿಯವು, ಆ ಗುಣದಿಂದಲೇ ಅವು ಜೀವಿಗಳನ್ನು ಕೊಲ್ಲುತ್ತವೆ. ಗಾಮಾ ಕಿರಣವೂ ಅಷ್ಟೆ, ಎಳೆಯನ್ನು ಒಡೆದೇ ಹುಳುವನ್ನು ಕೊಲ್ಲುತ್ತದೆ. ದವಸದ ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರದೋ ಮಾತು ಕೇಳಿ ಬೀರುವಿನಲ್ಲಿ ಇಡಬೇಡಿ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಂದ ಪ್ರಕರಣಗಳಿವೆ, ಪರವಾನಗಿ ಇಲ್ಲದವರು ಅದನ್ನು ಬಳಸುವಂತೆಯೇ ಇಲ್ಲ.

ಬಜೆ ಬೇರು, ಬೇವಿನ ಸೊಪ್ಪು, ಕರ್ಪೂರ ಇಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. ತಾಳೆಗರಿ ಕಟ್ಟುಗಳ ಜೊತೆ ಬಜೆ ಇಡುವ ಪದ್ಧತಿ ನಮ್ಮಲ್ಲಿ ಹಳೆಯದು. ಅದರ ಘಾಟು ಒಂದಷ್ಟು ಹುಳುಗಳನ್ನು ದೂರ ಇಡುತ್ತದೆ ಎನ್ನುವುದರಲ್ಲಿ ಸುಳ್ಳಿಲ್ಲ. ಆದರೆ ಬೇರೂ ಸೊಪ್ಪೂ ಸ್ವತಃ ಒಣಗಿದ ಗಿಡವೇ, ಘಾಟು ಇಳಿದ ಮೇಲೆ ಹುಳುವಿಗೆ ಆಹಾರವೇ. ಹಸಿ ಬೇವಿನ ಸೊಪ್ಪು ಇಟ್ಟರೆ ಬೀರುವಿಗೆ ತೇವವನ್ನೂ ಕೊಟ್ಟಂತಾಯಿತು. ಡಿಎನ್‌ಎ ಓದುವ ಹಾಳೆಯ ಪಕ್ಕದಲ್ಲಿ ಬೇರೆ ಗಿಡದ ಪುಡಿ ಉದುರಿಸುವುದೂ ಜಾಣತನವಲ್ಲ.

ತಣ್ಣನೆಯ ಪೆಟ್ಟು

ಇಷ್ಟೆಲ್ಲ ಬೇಡ ಅಂದ ಮೇಲೆ ಉಳಿಯುವುದು ಡೀಪ್ ಫ್ರೀಜರ್. ಹುಳುವಿನ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಅದು ಹೆಪ್ಪುಗಟ್ಟಿದರೆ ಹುಳು ಸಾಯುತ್ತದೆ. ಚೆನ್ನಾಗಿ ಒಣಗಿದ ಎಲೆಯಲ್ಲಿ ಹರಳುಗಟ್ಟುವಷ್ಟು ಬಿಡಿ ನೀರೇ ಇರುವುದಿಲ್ಲ. ಹಾಗಾಗಿ ಒಂದೇ ಚಳಿ ಹುಳುವಿಗೆ ಮಾರಕ, ಎಲೆಗೂ ಡಿಎನ್‌ಎಗೂ ನಿರಪಾಯ. ಎಲೆ ಸರಿಯಾಗಿ ಒಣಗಿರಬೇಕು ಎನ್ನುವ ಷರತ್ತನ್ನು ಮಾತ್ರ ಮರೆಯುವಂತಿಲ್ಲ.

ದೊಡ್ಡ ಹರ್ಬೇರಿಯಂಗಳಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಡುತ್ತಾರೆ. ನಮಗೆ ಸಿಗುವುದು ಬೇಕರಿ, ಐಸ್‌ಕ್ರೀಮ್ ಅಂಗಡಿಯಲ್ಲಿ ಇರುವಂಥ ಮೇಲೆ ಮುಚ್ಚಳದ ಡೀಪ್ ಫ್ರೀಜರ್, ಅದು ಮೈನಸ್ 18ರಿಂದ ಮೈನಸ್ 20ರವರೆಗೆ ಇಳಿಯುತ್ತದೆ. ಅದರಲ್ಲಾದರೆ 2 ವಾರ ಇಡಬೇಕು. ಮನೆಯ ಒಂಟಿ ಬಾಗಿಲ ಫ್ರಿಜ್ಜಿನ ಮೇಲಿನ ಐಸ್ ಪೆಟ್ಟಿಗೆಯನ್ನು ನಂಬಬೇಡಿ, ಅಲ್ಲಿ ಅಷ್ಟು ಚಳಿ ಇರುವುದಿಲ್ಲ. ನಿಧಾನವಾಗಿ ತಣ್ಣಗಾದರೆ ಹುಳು ಚಳಿಗೆ ಒಗ್ಗಿಕೊಂಡು ಬದುಕಿಬಿಡುತ್ತದೆ, ಆದ್ದರಿಂದ ಫ್ರೀಜರ್ ಮೊದಲೇ ಪೂರ್ತಿ ತಣ್ಣಗಾಗಿರಬೇಕು, ಕಟ್ಟು ಸಣ್ಣದಿರಬೇಕು.

ಕಟ್ಟು ಹಾಕುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೆಡುವುದು ಇಲ್ಲೇ. ಗೇಣಿಗಿಂತ ದಪ್ಪವಾಗದಂತೆ ಹಾಳೆಗಳನ್ನು ಜೋಡಿಸಿ, ಮೇಲೂ ಕೆಳಗೂ ರಟ್ಟು ಕೊಟ್ಟು, ತೂತಿಲ್ಲದ ದಪ್ಪ ಪಾಲಿಥಿನ್ ಚೀಲದಲ್ಲಿಟ್ಟು, ಗಾಳಿಯನ್ನು ಮೆಲ್ಲಗೆ ಒತ್ತಿ ಹೊರಹಾಕಿ, ಬಾಯಿಯನ್ನು ಅಗಲ ಟೇಪಿನಿಂದ ಮುಚ್ಚಿ. ಚೀಲದ ಮೇಲೆ ತಾರೀಖು ಬರೆಯಿರಿ. ಫ್ರೀಜರಿನಲ್ಲಿ ಕಟ್ಟುಗಳನ್ನು ಒತ್ತೊತ್ತಾಗಿ ತುರುಕದೆ ನಡುವೆ ಗಾಳಿಯಾಡಲು ಬಿಡಿ. ತಂತಿಯಿರುವ ಅಗ್ಗದ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಒಂದು ಕಟ್ಟಿನ ನಟ್ಟನಡುವೆ ಇಟ್ಟರೆ, ಒಳಗಿನ ಹಾಳೆಗೆ ಚಳಿ ಮುಟ್ಟಿದ್ದು ಯಾವಾಗ ಎಂದು ತಿಳಿಯುತ್ತದೆ. ದಿನ ಎಣಿಸುವುದು ಅಲ್ಲಿಂದ. ಹೊರತೆಗೆದ ತಕ್ಷಣ ಚೀಲ ಬಿಚ್ಚುವ ಆತುರ ಬೇಡ. ಮಳೆಗಾಲದ ನಮ್ಮ ಗಾಳಿಗೆ ತಣ್ಣನೆಯ ಚೀಲ ನಿಮಿಷದಲ್ಲಿ ಬೆವರುತ್ತದೆ. ಚೀಲ ಮುಚ್ಚಿದ್ದರೆ ಆ ಬೆವರು ಹೊರಮೈಯಲ್ಲೇ ಉಳಿಯುತ್ತದೆ, ಬಿಚ್ಚಿದರೆ ಎಲೆಯ ಮೇಲೆ ಕೂರುತ್ತದೆ, ಮೂರನೇ ದಿನಕ್ಕೆ ಬೂಷ್ಟು. ಆದ್ದರಿಂದ ಪೂರ್ತಿ ಒಂದು ದಿನ ಹಾಗೇ ಬಿಟ್ಟು, ಚೀಲದ ಹೊರಗೆ ಒರೆಸಿ, ಆಮೇಲೆ ಬಿಚ್ಚಬೇಕು.

ಕರೆಂಟ್ ಹೋದರೆ? ಮಲೆನಾಡಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ತುಂಬಿದ ಫ್ರೀಜರನ್ನು ತೆರೆಯದೆ ಬಿಟ್ಟರೆ ಕೆಲವು ಗಂಟೆ ತಡೆಯುತ್ತದೆ; ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನಿಟ್ಟು ಹೆಪ್ಪುಗಟ್ಟಿಸಿದ್ದರೆ ಇನ್ನಷ್ಟು ಹೊತ್ತು. ಮರ ಬಿದ್ದು ತಂತಿ ಹರಿದು ಇಡೀ ದಿನ ಕರೆಂಟ್ ಇರಲಿಲ್ಲ, ಒಳಗಿನ ಥರ್ಮಾಮೀಟರ್ ಮೈನಸ್ 15ಕ್ಕಿಂತ ಮೇಲೆ ಬಂತು ಎಂದಾದರೆ ಎಣಿಕೆ ಮತ್ತೆ ಒಂದರಿಂದ. ಈ ತಾಪತ್ರಯದ ಕಾರಣಕ್ಕೆ ವರ್ಷಕ್ಕೊಮ್ಮೆ ಇಡೀ ಸಂಗ್ರಹವನ್ನು ಸರದಿಯಂತೆ ಫ್ರೀಜರಿಗೆ ಹಾಕುವ ಕೆಲಸವನ್ನು ಏಪ್ರಿಲ್-ಮೇ ತಿಂಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನಗನಿಸುತ್ತದೆ. ಸೆಕೆ ಏರಿದಷ್ಟೂ ಸಿಗರೇಟ್ ಬೀಟಲಿನ ಸಂತಾನ ಬೇಗ ಬೆಳೆಯುತ್ತದೆ, ಬೇಸಿಗೆಯಲ್ಲಿ ಮೊಟ್ಟೆಯಿಂದ ಹುಳುವಾಗಲು ಒಂದೂವರೆ ತಿಂಗಳು ಸಾಕು. ಹೊಸದಾಗಿ ಬಂದ ಮಾದರಿ, ಪ್ರದರ್ಶನಕ್ಕೆಂದು ಹೊರಗೆ ಹೋಗಿ ಬಂದ ಹಾಳೆ, ಎರವಲು ಹೋಗಿ ಮರಳಿದ ಕಟ್ಟು, ಇವು ಯಾವ ತಿಂಗಳಲ್ಲಿ ಬಂದರೂ ಮೊದಲು ಫ್ರೀಜರಿಗೆ, ಆಮೇಲೆ ಬೀರುವಿಗೆ.

ಫ್ರೀಜರ್ ಇಲ್ಲವೇ ಇಲ್ಲ ಎನ್ನುವವರಿಗೆ ಇನ್ನೊಂದು ದಾರಿ ಇದೆ, ಆಮ್ಲಜನಕ ತೆಗೆಯುವುದು. ತಿಂಡಿ ಪೊಟ್ಟಣಗಳಲ್ಲಿ ಇರುತ್ತದಲ್ಲ, ತಿನ್ನಬೇಡಿ ಎಂದು ಬರೆದ ಪುಟ್ಟ ಚೀಟಿಚೀಲ, ಅದರೊಳಗಿರುವುದು ಕಬ್ಬಿಣದ ಪುಡಿ. ತುಕ್ಕು ಹಿಡಿಯುತ್ತ ಸುತ್ತಲಿನ ಆಮ್ಲಜನಕವನ್ನು ಅದು ನುಂಗಿಹಾಕುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಯೂಮಿನಿಯಂ ಪದರವಿರುವ ಚೀಲದಲ್ಲಿ ಹಾಳೆಗಳ ಜೊತೆ ಇಂಥ ಚೀಟಿಗಳನ್ನಿಟ್ಟು, ಚಿಪ್ಸ್, ಚಕ್ಕುಲಿ ಪ್ಯಾಕ್ ಮಾಡುವವರು ಬಳಸುವ ಹೀಟ್ ಸೀಲರಿನಿಂದ ಮುಚ್ಚಿ, 3–4 ವಾರ ಬಿಡಬೇಕು. ಆಮ್ಲಜನಕ ಶೇ 0.5ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಮೊಟ್ಟೆಯೂ ಉಳಿಯುವುದಿಲ್ಲ. ಸಾದಾ ಪಾಲಿಥಿನ್ ಇದಕ್ಕೆ ಆಗದು, ಗಾಳಿ ಅದರೊಳಗೆ ನುಸುಳುತ್ತದೆ. ಕಬ್ಬಿಣದ ಪುಡಿ ಕೆಲಸ ಮಾಡಲು ಚೂರು ತೇವ ಬೇಕು, ಹಾಗಾಗಿ ಅದೇ ಚೀಲದಲ್ಲಿ ಸಿಲಿಕಾ ಜೆಲ್ ಹಾಕಬಾರದು. ಡಿಎನ್‌ಎಗೆ ಇದರಿಂದ ತೊಂದರೆ ಇಲ್ಲ. ನೂರಾರು ಹಾಳೆಗಳಿಗೆ ಇದು ದುಬಾರಿಯಾದೀತು, ಹತ್ತಿಪ್ಪತ್ತು ಅಪರೂಪದ ಹಾಳೆಗಳಿಗೆ ಹೇಳಿ ಮಾಡಿಸಿದ್ದು.

ಬೀರು ಮತ್ತು ಕಣ್ಣು

ಮರದ ಬೀರುವಿಗಿಂತ ಸ್ಟೀಲ್ ಬೀರು ಮೇಲು, ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಇದ್ದರೆ ಇನ್ನೂ ಮೇಲು. ಹೊರಗೋಡೆಗೆ ತಾಗಿಸಿ ಇಡಬೇಡಿ, ಜುಲೈ-ಆಗಸ್ಟ್‌ನಲ್ಲಿ ಆ ಗೋಡೆ ಒಸರುತ್ತದೆ, ಗೆದ್ದಲು ಬರುವುದೂ ಅಲ್ಲಿಂದಲೇ. ಕೋಣೆಯ ತೇವಾಂಶ ಶೇ 55ರ ಒಳಗಿದ್ದರೆ ಬೂಷ್ಟಿನ ಭಯವಿಲ್ಲ. ಮಳೆಗಾಲದಲ್ಲಿ ಡಿಹ್ಯೂಮಿಡಿಫೈಯರ್ ಇಲ್ಲದೆ ಆ ಮಟ್ಟ ಸಿಗುವುದು ಕಷ್ಟ. ಹಗಲು ಏಸಿ ಹಾಕಿ ರಾತ್ರಿ ಆರಿಸುವುದು ಏಸಿ ಇಲ್ಲದ್ದಕ್ಕಿಂತ ಕೆಟ್ಟದ್ದು, ತಣ್ಣಗಾದ ಹಾಳೆಗಳ ಮೇಲೆ ರಾತ್ರಿಯ ತೇವ ಕೂರುತ್ತದೆ. ಬೂಷ್ಟು ಬಂದ ಎಲೆಯಲ್ಲಿ ಗಿಡದ ಡಿಎನ್‌ಎ ಜೊತೆ ಶಿಲೀಂಧ್ರದ ಡಿಎನ್‌ಎಯೂ ಸೇರುತ್ತದೆ. ಪ್ರಭೇದ ಗುರುತಿಸಲು ಹೆಚ್ಚಾಗಿ ಓದುವ ಐಟಿಎಸ್ ಭಾಗ ಎರಡರಲ್ಲೂ ಇರುವುದರಿಂದ, ಗಿಡ ಯಾವುದೆಂದು ಕೇಳಿದರೆ ಯಂತ್ರ ಬೂಷ್ಟಿನ ಹೆಸರು ಹೇಳಬಹುದು. ಹುಳುವೂ ಹೀಗೇ ಒಂದು ಹಾಳೆಯ ಗಿಡ ತಿಂದು ಇನ್ನೊಂದು ಹಾಳೆಯ ಮೇಲೆ ಹಿಕ್ಕೆ ಹಾಕುತ್ತದೆ.

ಮಾದರಿಯನ್ನು ಹಾಳೆಗೆ ಅಂಟಿಸಲು ಮೈದಾ ಗೋಂದು ಬೇಡ. ಬೆಳ್ಳಿಮೀನು, ಜಿರಳೆ ಎರಡಕ್ಕೂ ಅದು ಹಬ್ಬದೂಟ. ದಾರದಿಂದ ಹೊಲಿಯಬಹುದು, ಮೀಥೈಲ್ ಸೆಲ್ಯುಲೋಸ್ ಅಂಟು ಹಚ್ಚಿದ ಕಾಗದದ ಪಟ್ಟಿಯಿಂದ ಹಿಡಿಸಬಹುದು. ಕಾಗದದ ವಿಷಯವೂ ಇದೆ. ಪ್ರೆಸ್ಸಿನಲ್ಲಿ ತೇವ ಹೀರಲು ದಿನಪತ್ರಿಕೆಯ ಕಾಗದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ 1936ರಲ್ಲಿ ಹುಟ್ಟಿ ಮುಂದೆ ಪತ್ರಿಕೆಗಳಿಗೆ ಕಾಗದ ಮಾಡಿಕೊಟ್ಟ ಭದ್ರಾವತಿಯ ಎಂಪಿಎಂ ಕಾರ್ಖಾನೆಯಲ್ಲಿ ದುಡಿದವರನ್ನು ಕೇಳಿದರೆ ಹೇಳುತ್ತಾರೆ, ನ್ಯೂಸ್‌ಪ್ರಿಂಟ್ ಬಾಳಿಕೆಯ ಕಾಗದವಲ್ಲ. ಅದರಲ್ಲಿ ಉಳಿದ ಲಿಗ್ನಿನ್ ಹಳದಿಗಟ್ಟುತ್ತ ಆಮ್ಲ ಬಿಡುತ್ತದೆ. ಒಣಗಿದ ಮೇಲೆ ಗಿಡವನ್ನು ಆಮ್ಲರಹಿತ ದಪ್ಪ ಹಾಳೆಗೆ, 29×42 ಸೆಂಟಿಮೀಟರ್ ಅಳತೆಯದಕ್ಕೆ, ಸಾಗಿಸಲೇಬೇಕು.

ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಿ. ಎಲ್ಲ ಹಾಳೆ ತಿರುವುವುದು ಆಗದ ಮಾತು, ಹುಳುವಿಗೆ ಇಷ್ಟವಾದವನ್ನು ನೋಡಿದರೆ ಸಾಕು. ಸೇವಂತಿಗೆ, ಸೂರ್ಯಕಾಂತಿ ಕುಟುಂಬದ ಹೂತಲೆಗಳು ಅದಕ್ಕೆ ಬಲು ಪ್ರಿಯ. ಎಕ್ಕದಂಥ ಹಾಲು ಸುರಿಸುವ ಗಿಡಗಳು, ಅತ್ತಿ ಜಾತಿಯ ಕಾಯಿಗಳು, ಸುವರ್ಣಗೆಡ್ಡೆಯ ನೆಂಟರು ಆಮೇಲೆ. ಹುಲ್ಲುಗಳಿಗೆ ಕಾಟ ಕಡಿಮೆ. ಗಿಡದ ಕೆಳಗೆ ಹಾಳೆಯ ಮೇಲೆ ನಸ್ಯದ ಪುಡಿಯಂಥ ಕಂದು ಧೂಳು ಕಂಡರೆ, ಹೂವಿನ ಬುಡದಲ್ಲಿ ಸೂಜಿಯಿಂದ ಚುಚ್ಚಿದಷ್ಟು ದುಂಡನೆಯ ತೂತು ಕಂಡರೆ ಹುಳು ಒಳಗಿದೆ. ಸಂಜೆ ಹೊತ್ತು ದೀಪಕ್ಕೆ ಹಾರಿಬರುವ ಹುಳು ಇದು, ಕತ್ತಲಾಗುವ ಮೊದಲು ಕಿಟಕಿ ಹಾಕಿ. ಬೀರುವಿನ ಮೂಲೆಯಲ್ಲಿ ಅಂಟುಬಲೆ ಇಡಿ. ಗಂಡು ಹುಳುವನ್ನು ಸೆಳೆಯುವ ಸೆರಿಕಾರ್ನಿನ್ ಫೆರೊಮೋನ್ ಇರುವ ಬಲೆಯೂ ಸಿಗುತ್ತದೆ. ಬಲೆಯಿಂದ ಹುಳು ಮುಗಿಯುವುದಿಲ್ಲ, ಬಂದದ್ದು ಗೊತ್ತಾಗುತ್ತದೆ. ಊಟದ ಡಬ್ಬಿ, ಹೂದಾನಿ, ಕುಂಡ ಆ ಕೋಣೆಗೆ ಬರಕೂಡದು.

ಹುಳು ಸಿಕ್ಕಿತು ಅಂದುಕೊಳ್ಳಿ. ಆ ಹಾಳೆಯನ್ನು ಅಲ್ಲೇ ಕೊಡವಬೇಡಿ. ಇದ್ದ ಜಾಗದಲ್ಲೇ ಚೀಲದೊಳಗೆ ಸೇರಿಸಿ, ಅದರ ಮೇಲಿನ ಕೆಳಗಿನ ಹಾಳೆಗಳನ್ನೂ ಸೇರಿಸಿ ಫ್ರೀಜರಿಗೆ ಕಳಿಸಿ. ಉದುರಿದ ಚೂರುಗಳನ್ನು ಎಸೆಯದೆ ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸಿ, ಮುಂದೆ ಡಿಎನ್‌ಎಗೆ ಆ ಚೂರೇ ಸಾಕಾಗಬಹುದು. ಖಾಲಿ ಅರೆಯನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಸಿ, ಅದರ ಚೀಲವನ್ನು ಕಟ್ಟಡದ ಹೊರಗೆ ಖಾಲಿ ಮಾಡಿ. ಕೀಟನಾಶಕ ಸಿಂಪಡಿಸಲೇಬೇಕೆಂದರೆ ನೆಲದ ಅಂಚಿಗೆ, ಗೋಡೆಯ ಬುಡಕ್ಕೆ ಮಾತ್ರ, ಹಾಳೆಗಳು ಬೀರುವಿನೊಳಗೆ ಭದ್ರವಾಗಿ ಮುಚ್ಚಿರುವಾಗ.

ಪ್ರತಿ ಹಾಳೆಯ ಲೇಬಲ್ಲಿನಲ್ಲಿ ಊರು, ತಾರೀಖು, ಸಂಗ್ರಹಿಸಿದವರ ಹೆಸರಿನ ಜೊತೆ ಇನ್ನೊಂದು ಸಾಲು ಇರಲಿ. ಹೇಗೆ ಒಣಗಿಸಿದ್ದು, ಎಷ್ಟು ಬಿಸಿಯಲ್ಲಿ, ಯಾವ ರಾಸಾಯನಿಕ ತಾಗಿದೆ, ಫ್ರೀಜರಿಗೆ ಹಾಕಿದ್ದು ಯಾವಾಗ, ಸಿಲಿಕಾ ಜೆಲ್ ಎಲೆ ಇದೆಯೋ ಇಲ್ಲವೋ. 20 ವರ್ಷ ಬಿಟ್ಟು ಲ್ಯಾಬಿಗೆ ಎಲೆ ಕೊಡುವವರಿಗೆ ಗಿಡದ ಹೆಸರಿನಷ್ಟೇ ಈ ಸಾಲೂ ಬೇಕಾಗುತ್ತದೆ. ಶೆಟ್ಟಿಹಳ್ಳಿ, ಭದ್ರಾ ಅಭಯಾರಣ್ಯಗಳ ಒಳಗೆ ಗಿಡ ಕೀಳಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅನುಮತಿಯ ಸಂಖ್ಯೆಯೂ ಅಲ್ಲೇ ಇರಲಿ. ಸಾಧ್ಯವಿದ್ದಾಗಲೆಲ್ಲ ಒಂದೇ ಗಿಡದ ಎರಡು ಮಾದರಿ ಮಾಡಿ, ಒಂದನ್ನು ಬೇರೆ ಊರಿನ ಹರ್ಬೇರಿಯಂಗೆ ಕೊಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜೆಸಿಬಿ ಸಂಗ್ರಹ, ಸಸ್ಯಶಾಸ್ತ್ರಜ್ಞ ಸಲ್ಡಾನಾ ಅವರ ಕಾಲದಿಂದ ಕರ್ನಾಟಕದ ಗಿಡಗಳನ್ನು ಕೂಡಿಸಿಟ್ಟದ್ದು, ನಮಗೆ ಹತ್ತಿರದ್ದು. ಕಳಿಸುವ ಮೊದಲು ಅವರಿಗೆ ಬರೆದು ಕೇಳಿ, ಕಟ್ಟಿನ ಮೇಲೆ ಫ್ರೀಜರಿನ ತಾರೀಖನ್ನೂ ನಮೂದಿಸಿ.